ಪಬ್ಬಿನ ಬಾಗಿಲಿನಿಂದ ಬೆಳ್ಳಿತೆರೆಗೆ: ಪಾರ್ಟಿ ಪ್ರಮೋಟರ್ ನಟ, ನಿರ್ಮಾಪಕ ಆಗುವ ದಾರಿ

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್‌ಗಳಲ್ಲಿ ಡಿಜೆ ನೈಟ್‌ಗಳಿಗೆ ಜನ ಸೇರಿಸುವ ಪ್ರಮೋಟರ್‌ಗಳು ಒಂದಲ್ಲ ಒಂದು ದಿನ ಈ ಮಾತು ಕೇಳಿಯೇ ಇರುತ್ತಾರೆ: ‘ಮಗಾ, ನಿಂಗೆ ಇಷ್ಟೊಂದು ಜನ ಗೊತ್ತು, ನೋಡೋಕೂ ಚೆನ್ನಾಗಿದ್ದೀಯ. ನೀನೇ ಒಂದು ಪಿಕ್ಚರ್ ಮಾಡಬಾರದಾ?’ ಹೇಳಿದವರು ಹೇಳಿ ಹೋಗುತ್ತಾರೆ, ಕೇಳಿದವರ ತಲೆಯಲ್ಲಿ ಹುಳ ಕೂರುತ್ತದೆ. ಆದರೆ ಎಲ್ಲಿಂದ ಶುರು ಮಾಡಬೇಕು, ಯಾರನ್ನು ನಂಬಬೇಕು, ದುಡ್ಡು ಹೇಗೆ ಹೋಗಿ ಹೇಗೆ ಬರುತ್ತದೆ ಎಂಬುದನ್ನು ಕೂರಿಸಿಕೊಂಡು ಹೇಳುವವರು ಸಿಗುವುದಿಲ್ಲ. ಹಾಗಾಗಿ ಎಷ್ಟೋ ಜನ ಕೂಡಿಟ್ಟ ಹಣವನ್ನೆಲ್ಲ ಸುರಿದು, ತಾವೇ ಹೀರೋ ಆಗಿ, ಗುರುವಾರದವರೆಗೆ ಪೋಸ್ಟರ್‌ನಲ್ಲಿ ಮಿಂಚಿ, ಸೋಮವಾರದ ಹೊತ್ತಿಗೆ ಥಿಯೇಟರ್‌ನಿಂದ ಹೊರಗೆ ಬಂದಿರುತ್ತಾರೆ.

ಹಾಗೆಂದು ಇದು ಆಗದ ಕೆಲಸವಲ್ಲ. ನ್ಯೂಯಾರ್ಕ್‌ನಲ್ಲಿ ಈ ದಾರಿಯನ್ನು ಪೂರ್ತಿ ನಡೆದವರೊಬ್ಬರಿದ್ದಾರೆ. ಇಸ್ರೇಲ್‌ನಲ್ಲಿ ಹುಟ್ಟಿ ಬ್ರೂಕ್ಲಿನ್‌ನಲ್ಲಿ ಬೆಳೆದ ಡ್ಯಾನಿ ಅಬೆಕಾಸರ್ ಮ್ಯಾನ್‌ಹಟನ್‌ನ ನೈಟ್‌ಕ್ಲಬ್‌ಗಳಿಗೆ ಜನ ತರುವ ಪ್ರಮೋಟರ್ ಆಗಿದ್ದವರು. 2010ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ‘ಹೋಲಿ ರೋಲರ್ಸ್’ ಚಿತ್ರಕ್ಕೆ ಅವರು ನಿರ್ಮಾಪಕರಲ್ಲೊಬ್ಬರು, ಜತೆಗೆ ಅದರಲ್ಲಿ ಒಬ್ಬ ಪಾತ್ರಧಾರಿ. ಮುಂದೆ ಮಾರ್ಟಿನ್ ಸ್ಕಾರ್ಸೆಸಿ ಅವರ ‘ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್’ (2013), ‘ದಿ ಐರಿಶ್‌ಮನ್’ (2019) ಚಿತ್ರಗಳಲ್ಲಿ ಸಣ್ಣ ಪಾತ್ರಗಳು ಸಿಕ್ಕವು. 2015ರಲ್ಲಿ ಪ್ರಮೋಟರ್ ಬದುಕಿನ ಕಥೆಯೇ ಇರುವ ‘ಕ್ಲಬ್ ಲೈಫ್’ ಬಂತು. 2018ರ ‘ಫಸ್ಟ್ ವಿ ಟೇಕ್ ಬ್ರೂಕ್ಲಿನ್’ ಚಿತ್ರವನ್ನು ಅವರೇ ನಿರ್ದೇಶಿಸಿದರು. ಈ ಇಸವಿಗಳ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಲೇಖನದ ಬಹುಪಾಲು ಸಲಹೆ ಆ ಕ್ರಮದಲ್ಲೇ ಇದೆ.

ಯಾವುದು ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ

ಪ್ರಮೋಟರ್ ಕೆಲಸವೆಂದರೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಗೊತ್ತಾದ ಜಾಗಕ್ಕೆ ಜನರನ್ನು ಮನೆಯಿಂದ ಹೊರಡಿಸಿ ತರುವುದು. ಸಿನಿಮಾ ನಿರ್ಮಾಪಕನಿಗೆ ಬಿಡುಗಡೆಯ ಶುಕ್ರವಾರ ಬೇಕಾದದ್ದೂ ಇದೇ. ಚಿತ್ರರಂಗಕ್ಕೆ ಹೊಸದಾಗಿ ಬರುವ ಎಂಜಿನಿಯರ್‌ಗೋ ರಿಯಲ್ ಎಸ್ಟೇಟ್‌ನವರಿಗೋ ಈ ವಿದ್ಯೆ ಇರುವುದಿಲ್ಲ, ನಿಮಗಿದೆ. ಪಬ್ ಮಾಲೀಕನ ಜತೆ ಕಮಿಷನ್ ಮಾತಾಡುವುದು, ಡಿಜೆ ಕೊನೇ ಗಳಿಗೆಯಲ್ಲಿ ಕೈಕೊಟ್ಟಾಗ ಬೇರೊಬ್ಬರನ್ನು ತರುವುದು, ಬಾಗಿಲಲ್ಲಿ ಜಗಳ ಎದ್ದರೆ ತಣ್ಣಗೆ ಮಾಡುವುದು, ಇವೆಲ್ಲ ಶೂಟಿಂಗ್ ಸ್ಥಳದಲ್ಲಿ ದಿನಾ ಬೇಕಾಗುವ ಗುಣಗಳೇ.

ಕೈಕೊಡುವ ಸಂಗತಿಗಳೂ ಇವೆ. ಮೊದಲನೆಯದು ಹಣದ ಸುತ್ತು. ಪಬ್ಬಿನಲ್ಲಿ ಶನಿವಾರದ ಲೆಕ್ಕ ಭಾನುವಾರ ಬೆಳಗ್ಗೆ ಚುಕ್ತಾ ಆಗುತ್ತದೆ, ಈ ವಾರ ಸೋತರೆ ಮುಂದಿನ ವಾರ ಸರಿಮಾಡಿಕೊಳ್ಳಬಹುದು. ಸಿನಿಮಾದಲ್ಲಿ ಇವತ್ತು ಹಾಕಿದ ರೂಪಾಯಿ ವರ್ಷ, ಒಂದೂವರೆ ವರ್ಷ ಕಳೆದು ಬರಬಹುದು, ಬಾರದೆಯೂ ಇರಬಹುದು. ಎರಡನೆಯದು, ನಿಮ್ಮ ಫೋನಿನಲ್ಲಿರುವ ಹೆಸರುಗಳು. ಗೆಸ್ಟ್ ಲಿಸ್ಟಿನಲ್ಲಿ ಪುಕ್ಕಟೆ ಒಳಗೆ ಬಂದು ರೂಢಿಯಾದವರು ನಿಮ್ಮ ಸಿನಿಮಾಕ್ಕೂ ಪಾಸ್ ಕೇಳುತ್ತಾರೆ, ಟಿಕೆಟ್ ಕೊಳ್ಳುವುದಿಲ್ಲ. ಮೂರನೆಯದೇ ಬಹಳ ಮುಖ್ಯ: ಜನರ ನಡುವೆ ಮಿಂಚುವುದಕ್ಕೂ ನಟನೆಗೂ ಸಂಬಂಧ ಕಡಿಮೆ. ರಾತ್ರಿಯಿಡೀ ಎಲ್ಲರಿಗೂ ನಗುಮುಖ ತೋರಿಸುವ ಅಭ್ಯಾಸವಾದವರ ಮುಖದಲ್ಲಿ ಒಂದು ನಗು ಅಂಟಿಕೊಂಡುಬಿಟ್ಟಿರುತ್ತದೆ. ಕ್ಲೋಸಪ್ಪಿನಲ್ಲಿ ಅದು ಮೊದಲ ಶಾಟ್‌ಗೇ ಬಯಲಾಗುತ್ತದೆ.

ಆದ್ದರಿಂದ ನನ್ನ ಖಚಿತ ಅಭಿಪ್ರಾಯ ಇದು: ನಿರ್ಮಾಣದ ಅರ್ಧ ಕೆಲಸ ನಿಮಗೆ ಈಗಾಗಲೇ ಗೊತ್ತಿದೆ, ನಟನೆಯನ್ನು ಮಾತ್ರ ಮೊದಲಿನಿಂದ ಕಲಿಯಬೇಕು. ಮುಂದಿನ ಹೆಜ್ಜೆಗಳನ್ನು ಈ ತಿಳಿವಿನ ಮೇಲೇ ಜೋಡಿಸಿದ್ದೇನೆ.

1. ಒಂದು ಟಿಕೆಟ್‌ನಿಂದ ನಿಮ್ಮ ಕೈಗೆ ಎಷ್ಟು ಬರುತ್ತದೆ, ಲೆಕ್ಕ ಹಾಕಿ

ಕಥೆ ಹುಡುಕುವುದಕ್ಕೂ ಮೊದಲು ಈ ಲೆಕ್ಕ ಬರೆದು ಗೋಡೆಗೆ ಅಂಟಿಸಿ. ₹200ರ ಟಿಕೆಟ್ ಇಟ್ಟುಕೊಳ್ಳಿ. ₹100 ಮೀರಿದ ಟಿಕೆಟ್‌ಗೆ 18% ಜಿಎಸ್‌ಟಿ ಇದೆ. ಟಿಕೆಟ್ ದರದಲ್ಲೇ ಅದು ಸೇರಿದೆ ಎಂದುಕೊಂಡರೆ ಉಳಿಯುವುದು ಸುಮಾರು ₹169. ಮಲ್ಟಿಪ್ಲೆಕ್ಸ್ ಅದರಲ್ಲಿ ಅರ್ಧ ಇಟ್ಟುಕೊಂಡರೆ ನಿಮ್ಮ ಪಾಲು ಸುಮಾರು ₹85. ವಿತರಕರ ಕಮಿಷನ್ 12% ಎಂದು ಹಿಡಿದರೆ ಸುಮಾರು ₹75 ನಿಮ್ಮ ಕೈ ಸೇರುತ್ತದೆ. ಅಂದರೆ ₹1 ಕೋಟಿ ಥಿಯೇಟರ್‌ನಿಂದಲೇ ವಾಪಸ್ ಬರಬೇಕಾದರೆ ಸುಮಾರು 1.33 ಲಕ್ಷ ಜನ ದುಡ್ಡು ಕೊಟ್ಟು ನೋಡಬೇಕು. ಪಾಲು, ಕಮಿಷನ್‌ಗಳು ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತವೆ. ಹಳೆಯ ಸಿಂಗಲ್ ಸ್ಕ್ರೀನ್‌ಗಳಲ್ಲಿ ಪಾಲಿನ ಬದಲು ವಾರದ ಬಾಡಿಗೆಯನ್ನೇ ಕೇಳುವುದೂ ಉಂಟು, ಆಗ ಜನ ಬಾರದಿದ್ದರೂ ಬಾಡಿಗೆ ಕೊಡಲೇಬೇಕು. ಇದರ ಮೇಲೆ ಡಿಜಿಟಲ್ ಪ್ರದರ್ಶನಕ್ಕೆ ಕ್ಯೂಬ್, ಯುಎಫ್‌ಒದಂಥ ಕಂಪನಿಗಳಿಗೆ ತೆರಬೇಕಾದ ಶುಲ್ಕ ಬೇರೆ.

ಒಟಿಟಿಯವರು ಕೊಂಡುಕೊಳ್ಳುತ್ತಾರಲ್ಲ ಎನ್ನುವ ಭರವಸೆ ಬೇಡ. ರಕ್ಷಿತ್ ಶೆಟ್ಟಿ ಅವರಂಥ ಹೆಸರಿರುವವರ ಸಂಸ್ಥೆಯೇ ‘ಏಕಂ’ ಎಂಬ ಸರಣಿಗೆ ಯಾವ ಒಟಿಟಿಯೂ ಸಿಗದೆ 2024ರಲ್ಲಿ ಸ್ವಂತ ವೇದಿಕೆ ಮಾಡಿಕೊಂಡು ಬಿಡುಗಡೆ ಮಾಡಬೇಕಾಯಿತು. ರಾಜ್ಯ ಸರ್ಕಾರದ ಸಬ್ಸಿಡಿ ಇದೆ ನಿಜ, ಆದರೆ ಅದು ಚಿತ್ರ ಮುಗಿದು, ಸಮಿತಿ ನೋಡಿ ಆರಿಸಿದ ಮೇಲಿನ ಮಾತು. ಬಂದರೆ ಬರಲಿ, ಬಜೆಟ್ಟಿನ ಆದಾಯದ ಕಲಮಿನಲ್ಲಿ ಬರೆಯಬೇಡಿ.

2. ನಟನೆ ಕಲಿಯಲು ಜಾಗ ಹುಡುಕಿ

ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಕೋರ್ಸ್ ಇದೆ. ಇವತ್ತು ಕನ್ನಡ ತೆರೆಯಲ್ಲಿ ಯಾವ ಪಾತ್ರ ಕೊಟ್ಟರೂ ನಂಬಿಸಿಬಿಡುವ ಅಚ್ಯುತ್ ಕುಮಾರ್ ಅಲ್ಲಿಂದ ಬಂದವರು. ಅಷ್ಟು ದಿನ ಊರು ಬಿಟ್ಟಿರಲು ಆಗದಿದ್ದರೆ ಬೆಂಗಳೂರಿನ ಹವ್ಯಾಸಿ ತಂಡಗಳಿವೆ. ಸಂಚಾರಿ ತಂಡದಲ್ಲಿ ಬೆಳೆದ ಸಂಚಾರಿ ವಿಜಯ್ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡುವುದರಿಂದ ಶುರು ಮಾಡಿ, ನಿಮಗೆ ಹಿಡಿಸಿದ ತಂಡವನ್ನು ಕೇಳಿಕೊಂಡು ಹೋಗಿ. ಮೊದಲು ಪರದೆ ಎಳೆಯುವ ಕೆಲಸ ಕೊಟ್ಟರೂ ಸರಿ.

ಯಾಕೆ ನಾಟಕ? ನಾಟಕದ ತಾಲೀಮು ನಿಮಗೆ ಕೇಳಿಸಿಕೊಳ್ಳುವುದನ್ನು ಕಲಿಸುತ್ತದೆ. ಎದುರಿನವರ ಮಾತು ಮುಗಿಯುವುದನ್ನು ಕಾಯದೆ ನಿಮ್ಮ ಸಾಲು ಹೇಳಿದರೆ ಅಲ್ಲೇ ಮುಗ್ಗರಿಸುತ್ತೀರಿ. ಕ್ಲಬ್ಬಿನ ಸದ್ದಿನಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ, ಮುಖ ನೋಡಿ ತಲೆಯಾಡಿಸುವುದೇ ರೂಢಿ. ಆ ರೂಢಿಯನ್ನು ಕಳಚಿಹಾಕಲು ತಿಂಗಳುಗಳೇ ಬೇಕು.

ಇನ್ನೆರಡು ವಿಷಯ. ಒಂದು, ನಿಮ್ಮ ಕನ್ನಡ. ಪಬ್ಬಿನ ಅರ್ಧ ಇಂಗ್ಲಿಷಿನ ಮಾತು ಒಂದು ಬಗೆಯ ಪಾತ್ರಕ್ಕಷ್ಟೇ ಒದಗುತ್ತದೆ. ನಿಮ್ಮ ಮನೆಮಾತಿನ ಕಲಬುರಗಿ, ಕುಂದಾಪುರ, ಮಂಡ್ಯದ ಸೊಗಡನ್ನು ಮರೆತಿದ್ದರೆ ಅಜ್ಜಿಯ ಬಳಿ ಹೋಗಿ ಮತ್ತೆ ಹಿಡಿಯಿರಿ. ಇವತ್ತಿನ ಕನ್ನಡ ಸಿನಿಮಾದಲ್ಲಿ ಅದಕ್ಕೆ ಬೆಲೆ ಇದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಹಳ್ಳಿಯವರನ್ನೇ ಹಾಕಿಕೊಂಡು ಮಾಡಿದ ‘ತಿಥಿ’ 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದದ್ದು ನೆನಪಿರಲಿ. ಇನ್ನೊಂದು, ನಿಮ್ಮ ಗಂಟಲು. ಸ್ಪೀಕರ್ ಪಕ್ಕ ನಿಂತು ರಾತ್ರಿಯೆಲ್ಲ ಕೂಗಿ ಮಾತಾಡಿದರೆ ಧ್ವನಿ ಒಡೆಯುತ್ತದೆ, ಡಬ್ಬಿಂಗ್ ಸ್ಟುಡಿಯೋದ ಮೈಕಿನ ಮುಂದೆ ಅದನ್ನು ಮುಚ್ಚಿಡಲಾಗದು. ಕಾಲ್‌ಶೀಟ್ ಬೆಳಗ್ಗೆ ಆರಕ್ಕೋ ಏಳಕ್ಕೋ ಶುರುವಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಪಾತ್ರ ಸಿಕ್ಕ ವಾರಗಳಲ್ಲಿ ರಾತ್ರಿ ಕೆಲಸವನ್ನು ಜತೆಗಾರರಿಗೆ ವಹಿಸಲೇಬೇಕು.

3. ಮೊದಲು ಕಿರುಚಿತ್ರ

ವಿನ್ ಡೀಸೆಲ್ ನ್ಯೂಯಾರ್ಕ್‌ನ ಕ್ಲಬ್ಬುಗಳಲ್ಲಿ ಬೌನ್ಸರ್ ಆಗಿದ್ದರು. ಯಾರೂ ಪಾತ್ರ ಕೊಡದಿದ್ದಾಗ ಸುಮಾರು 3,000 ಡಾಲರ್‌ನಲ್ಲಿ ‘ಮಲ್ಟಿ ಫೇಶಿಯಲ್’ ಎಂಬ ಕಿರುಚಿತ್ರವನ್ನು ತಾವೇ ಬರೆದು, ನಿರ್ಮಿಸಿ, ನಿರ್ದೇಶಿಸಿ, ನಟಿಸಿದರು. ಆಡಿಷನ್‌ನಿಂದ ಆಡಿಷನ್‌ಗೆ ಅಲೆಯುವ, ಯಾವ ಜನಾಂಗದವನೆಂದು ಯಾರಿಗೂ ಹೇಳಲಾಗದ ನಟನೊಬ್ಬನ ಕಥೆ ಅದು, ಅಂದರೆ ಅವರದೇ ಕಷ್ಟ. 1995ರಲ್ಲಿ ಕಾನ್‌ನಲ್ಲಿ ಪ್ರದರ್ಶನವಾಯಿತು. ಅದನ್ನು ನೋಡಿದ ಸ್ಟೀವನ್ ಸ್ಪೀಲ್‌ಬರ್ಗ್ ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಚಿತ್ರದಲ್ಲಿ ಅವರಿಗಾಗಿ ಪಾತ್ರವೊಂದನ್ನು ಬರೆಸಿದರು.

ಎಲ್ಲರಿಗೂ ಸ್ಪೀಲ್‌ಬರ್ಗ್ ಸಿಗುವುದಿಲ್ಲ. ಆದರೆ ಕಿರುಚಿತ್ರ ಎರಡು ಕೆಲಸ ಮಾಡಿಕೊಡುತ್ತದೆ: ನೀವು ಎಂಥ ನಟ ಎಂಬುದನ್ನು ನಿಮಗೇ ತೋರಿಸುತ್ತದೆ, ಮತ್ತು ನೀವು ಹಿಡಿದ ಕೆಲಸ ಮುಗಿಸುತ್ತೀರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಹತ್ತರಿಂದ ಹದಿನೈದು ನಿಮಿಷ ಸಾಕು. ಒಂದೇ ಜಾಗ, ಮೂರು ಪಾತ್ರ. ನಿಮ್ಮ ಗೆಳೆಯರನ್ನು ಬಿಟ್ಟು ಪರಿಚಯವಿಲ್ಲದವರಿಗೆ ತೋರಿಸಿ. ಅವರು ಎಲ್ಲಿ ಫೋನ್ ತೆಗೆದು ನೋಡಿದರು ಎಂಬುದನ್ನು ಗುರುತು ಮಾಡಿಕೊಳ್ಳಿ, ಹೊಗಳಿಕೆಗಿಂತ ಅದು ಹೆಚ್ಚು ಹೇಳುತ್ತದೆ.

4. ನಿರ್ಮಾಪಕರಾಗಿ, ಹೀರೋ ಆಗಬೇಡಿ

‘ಹೋಲಿ ರೋಲರ್ಸ್’ ವಿಷಯಕ್ಕೆ ಮತ್ತೆ ಬರೋಣ. ಅದರ ನಾಯಕ ಅಬೆಕಾಸರ್ ಅಲ್ಲ, ಆಗಲೇ ಹೆಸರು ಮಾಡುತ್ತಿದ್ದ ಜೆಸ್ಸಿ ಐಸೆನ್‌ಬರ್ಗ್. ಸಾಂಪ್ರದಾಯಿಕ ಯಹೂದಿ ಮನೆತನದ ಹುಡುಗನೊಬ್ಬ ಮಾದಕವಸ್ತು ಸಾಗಿಸುವ ಜಾಲಕ್ಕೆ ಬೀಳುವ ಕಥೆ. ಅಬೆಕಾಸರ್ ಆರಿಸಿಕೊಂಡದ್ದು ಆ ಜಾಲದ ಇಸ್ರೇಲಿ ದಂಧೆಕೋರನ ಪೋಷಕ ಪಾತ್ರ. ಅವರ ಮಾತಿನ ಧಾಟಿ, ರಾತ್ರಿಲೋಕದ ಪರಿಚಯ ಎರಡೂ ಆ ಪಾತ್ರಕ್ಕೆ ಒದಗಿದವು. ನಿರ್ದೇಶನ ಕೆವಿನ್ ಆಶ್, ಬರವಣಿಗೆ ಆಂಟೋನಿಯೊ ಮಸಿಯಾ. ಸ್ವಂತ ಬದುಕಿನ ಕಥೆಯನ್ನು ಅಬೆಕಾಸರ್ ಮುಟ್ಟಿದ್ದು ಇದಾಗಿ ಐದು ವರ್ಷಕ್ಕೆ, ನಿರ್ದೇಶನಕ್ಕೆ ಇಳಿದದ್ದು ಎಂಟು ವರ್ಷಕ್ಕೆ.

ನಮ್ಮಲ್ಲೂ ಇದರ ಒಳ್ಳೆಯ ಉದಾಹರಣೆ ಇದೆ. 2025ರಲ್ಲಿ ಬಂದ ‘ಸು ಫ್ರಮ್ ಸೋ’ ಚಿತ್ರಕ್ಕೆ ಹಣ ಹಾಕಿದವರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಅಷ್ಟು ಹೆಸರಿರುವ ನಟ ನಾಯಕನ ಪಾತ್ರ ತೆಗೆದುಕೊಳ್ಳದೆ, ಕಥೆಯ ನಡುವೆ ಬರುವ ಕರುಣಾಕರ ಗುರೂಜಿಯಾಗಿ ನಟಿಸಿದರು. ನಿರ್ದೇಶಕ ಜೆ.ಪಿ. ತುಮಿನಾಡು ತಾವೇ ಮುಖ್ಯ ಪಾತ್ರ ಮಾಡಿದರು.

ಇದು ಯಾಕೆ ಸರಿ ಎಂದರೆ, ಹಣ ಹಾಕಿದವರು ಮುಖ್ಯ ಪಾತ್ರದಲ್ಲಿದ್ದರೆ ಅವರ ಅಭಿನಯ ಸರಿಯಿಲ್ಲವೆಂದು ಹೇಳುವ ಧೈರ್ಯ ಸೆಟ್ಟಿನಲ್ಲಿ ಯಾರಿಗೂ ಇರುವುದಿಲ್ಲ. ನಿರ್ದೇಶಕರು ‘ಓಕೆ’ ಅನ್ನುತ್ತಾರೆ, ಸಂಕಲನಕಾರರು ಕತ್ತರಿ ಹಾಕಲು ಹೆದರುತ್ತಾರೆ. ಐದಾರು ದಿನ ಚಿತ್ರೀಕರಣದ ಪಾತ್ರವಾದರೆ ಕೆಟ್ಟದ್ದನ್ನು ತೆಗೆಯಬಹುದು, ಒಳ್ಳೆಯದು ಎದ್ದು ಕಾಣುತ್ತದೆ. ಉಳಿದ ದಿನ ನೀವು ನಿರ್ಮಾಪಕರಾಗಿ ಮಾನಿಟರ್ ಹಿಂದೆ ಇರಬಹುದು.

ಇಲ್ಲ, ದೊಡ್ಡ ಪಾತ್ರವೇ ಬೇಕು ಎನ್ನುವವರಿಗೆ ನ್ಯಾಯವಾದ ದಾರಿ ಒಂದಿದೆ, ಅದು ಬರವಣಿಗೆ. ಚಾಜ್ ಪಾಲ್ಮಿಂಟೆರಿ ಲಾಸ್ ಏಂಜಲೀಸ್‌ನ ನೈಟ್‌ಕ್ಲಬ್ ಒಂದರ ಬಾಗಿಲು ಕಾಯುತ್ತಿದ್ದವರು. ಪ್ರಭಾವಿ ಏಜೆಂಟ್ ಸ್ವಿಫ್ಟಿ ಲಾಜರ್ ಅವರನ್ನು ಗುರುತಿಸದೆ ಒಳಗೆ ಬಿಡದಿದ್ದಕ್ಕೆ ಕೆಲಸ ಹೋಯಿತು. ಆಮೇಲೆ ತಮ್ಮ ಬಾಲ್ಯದ ಬೀದಿಯ ಕಥೆಯನ್ನು ಏಕವ್ಯಕ್ತಿ ನಾಟಕವಾಗಿ ಬರೆದು, ಎಲ್ಲ ಪಾತ್ರಗಳನ್ನೂ ತಾವೇ ಆಡಿದರು. ಸಿನಿಮಾದವರು ದೊಡ್ಡ ಮೊತ್ತ ಹಿಡಿದು ಬಂದರೂ, ಚಿತ್ರಕಥೆ ನಾನೇ ಬರೆಯಬೇಕು, ಸನ್ನಿ ಎಂಬ ದೊಡ್ಡ ಪಾತ್ರ ನಾನೇ ಮಾಡಬೇಕು ಎಂಬ ಷರತ್ತನ್ನು ಬಿಡಲಿಲ್ಲ. ಕೊನೆಗೆ ಒಪ್ಪಿದವರು ರಾಬರ್ಟ್ ಡಿ ನಿರೋ. ಅವರ ಮೊದಲ ನಿರ್ದೇಶನವಾಗಿ 1993ರಲ್ಲಿ ‘ಎ ಬ್ರಾಂಕ್ಸ್ ಟೇಲ್’ ಬಂತು. ನ್ಯೂಯಾರ್ಕ್‌ನ ಹೆಸರಾಂತ ನೈಟ್‌ಕ್ಲಬ್ ಮಾಲೀಕ ಪೀಟರ್ ಗೇಟಿಯನ್ ಅದರ ಕಾರ್ಯಕಾರಿ ನಿರ್ಮಾಪಕರಲ್ಲೊಬ್ಬರು. ಪಾಲ್ಮಿಂಟೆರಿ ಆ ಪಾತ್ರವನ್ನು ಕೊಂಡುಕೊಳ್ಳಲಿಲ್ಲ, ರಂಗದ ಮೇಲೆ ಆಡಿ ತೋರಿಸಿ ಗಳಿಸಿದರು.

5. ಹಣ: ಟೇಬಲ್ ಬುಕ್ ಮಾಡುವವರನ್ನು ಕೇಳುವ ಮುನ್ನ

ನಿಮ್ಮಲ್ಲಿ ದೊಡ್ಡ ಟೇಬಲ್ ಬುಕ್ ಮಾಡುವ ಗಿರಾಕಿಗಳಿದ್ದಾರೆ, ನಿಜ. ರಾತ್ರಿ ಒಂದು ಗಂಟೆಗೆ ಹೆಗಲ ಮೇಲೆ ಕೈ ಹಾಕಿ ‘ನಾನಿದ್ದೀನಿ ಬ್ರೋ, ಐವತ್ತು ಲಕ್ಷ ಹಾಕ್ತೀನಿ’ ಅಂದ ಮಾತನ್ನು ಮರುದಿನ ಮಧ್ಯಾಹ್ನ, ಚಹಾ ಕುಡಿಯುತ್ತ, ಲೆಕ್ಕಪರಿಶೋಧಕರ ಎದುರು ಇನ್ನೊಮ್ಮೆ ಕೇಳಿ. ಆಗಲೂ ಹೌದೆಂದರೆ ಮುಂದುವರಿಯಿರಿ.

ಸಿನಿಮಾಕ್ಕೆ ಪ್ರತ್ಯೇಕ ಸಂಸ್ಥೆ ಮಾಡಿ, ಎಲ್‌ಎಲ್‌ಪಿಯೋ ಪ್ರೈವೇಟ್ ಲಿಮಿಟೆಡ್ಡೋ, ನಿಮ್ಮ ಲೆಕ್ಕಪರಿಶೋಧಕರು ಹೇಳಿದಂತೆ. ಬ್ಯಾಂಕ್ ಖಾತೆಯೂ ಬೇರೆ ಇರಲಿ. ಇವೆಂಟ್ ವ್ಯವಹಾರದ ದುಡ್ಡು, ಸಿನಿಮಾದ ದುಡ್ಡು ಒಂದೇ ಖಾತೆಯಲ್ಲಿ ಬೆರೆತರೆ ಒಂದರ ಸಾಲ ಇನ್ನೊಂದನ್ನು ಮುಳುಗಿಸುತ್ತದೆ. ₹20,000 ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಕಲಾವಿದರು, ತಂತ್ರಜ್ಞರಿಗೆ ಕೊಡುವ ಸಂಭಾವನೆಯಲ್ಲಿ ಟಿಡಿಎಸ್ ಹಿಡಿಯುವುದೂ ನಿಮ್ಮದೇ ಹೊಣೆ.

ಬಹಳ ಜನರಿಂದ ಸ್ವಲ್ಪ ಸ್ವಲ್ಪ ಹಣ ಸೇರಿಸುವ ದಾರಿಯೂ ಕನ್ನಡದಲ್ಲಿ ಗೆದ್ದಿದೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013) 110 ಮಂದಿ ಹಾಕಿದ ಸುಮಾರು ₹51 ಲಕ್ಷದಿಂದ ಶುರುವಾಯಿತು. ಲೇಖಕ ಪೂರ್ಣಚಂದ್ರ ತೇಜಸ್ವಿ ಅವರ ಕಥೆ ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಚಿತ್ರಕ್ಕೆ ಅವರ ಅಭಿಮಾನಿ ಓದುಗರು ಸುಮಾರು ನೂರು ಜನ ಕೈಜೋಡಿಸಿದರು. ಎರಡಕ್ಕೂ ಜನ ಹಣ ಕೊಟ್ಟದ್ದಕ್ಕೆ ಕಾರಣವಿತ್ತು: ಪವನ್ ಅಷ್ಟರಲ್ಲಾಗಲೇ ‘ಲೈಫು ಇಷ್ಟೇನೆ’ ಚಿತ್ರ ಮಾಡಿ ತೋರಿಸಿದ್ದರು. ಇನ್ನೊಂದರಲ್ಲಿ ತೇಜಸ್ವಿ ಎಂಬ ಹೆಸರಿನ ಮೇಲೆ ಓದುಗರಿಗಿದ್ದ ಪ್ರೀತಿ ಕೆಲಸ ಮಾಡಿತು. ಹಣ ಕೊಟ್ಟವರು ಆ ಚಿತ್ರ ಆಗಬೇಕೆಂದು ಕೊಟ್ಟರು, ಬಡ್ಡಿಗಲ್ಲ.

ಇಲ್ಲಿ ಕಾನೂನಿನ ಗೆರೆ ಗೊತ್ತಿರಲಿ. ಖಾಸಗಿ ಕಂಪನಿಯೊಂದು ಷೇರು ಕೊಟ್ಟು ಹಣ ಎತ್ತುವಾಗ ಒಂದು ಹಣಕಾಸು ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರನ್ನು ಕೇಳುವಂತಿಲ್ಲ. ‘ತಿಂಗಳಿಗೆ ಇಂತಿಷ್ಟು ಕೊಡುತ್ತೇನೆ’ ಎಂದು ಸಾರ್ವಜನಿಕರಿಂದ ಠೇವಣಿಯಂತೆ ಹಣ ತೆಗೆದುಕೊಂಡರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆ ಅನ್ವಯವಾಗುತ್ತದೆ, ಅದರಲ್ಲಿ ಜೈಲುಶಿಕ್ಷೆಯೂ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ‘ಹಾಕಿದ ಹಣ ದುಪ್ಪಟ್ಟು’ ಎಂದು ಪೋಸ್ಟರ್ ಹಾಕುವುದು ಬೇಡವೇ ಬೇಡ.

ಹಣ ಕೊಡುವವರ ಜತೆಗಿನ ಕರಾರಿನಲ್ಲಿ ಈ ಸಾಲುಗಳು ಇರಲೇಬೇಕು: ಬಂದ ಹಣದಲ್ಲಿ ಮೊದಲು ಯಾರಿಗೆ, ಆಮೇಲೆ ಯಾರಿಗೆ, ಬಜೆಟ್ ಮೀರಿದರೆ ಹೆಚ್ಚುವರಿ ಯಾರು ಹಾಕಬೇಕು, ಚಿತ್ರ ಅರ್ಧಕ್ಕೆ ನಿಂತರೆ ಹಕ್ಕು ಯಾರದು, ಲೆಕ್ಕ ಎಷ್ಟು ತಿಂಗಳಿಗೊಮ್ಮೆ ತೋರಿಸಬೇಕು. ಬಡ್ಡಿಗೆ ಸಾಲ ಕೊಡುವ ಫೈನಾನ್ಷಿಯರ್ ಚಿತ್ರದ ಹಕ್ಕುಗಳನ್ನೇ ಅಡವಿಟ್ಟುಕೊಳ್ಳುತ್ತಾರೆ. ಬಿಡುಗಡೆಯ ಹಿಂದಿನ ರಾತ್ರಿ ಅವರ ಒಪ್ಪಿಗೆ ಪತ್ರ ಸಿಗದೆ ಬೆಳಗಿನ ಪ್ರದರ್ಶನ ರದ್ದಾಗುವುದು ಗಾಂಧಿನಗರಕ್ಕೆ ಹೊಸದೇನಲ್ಲ.

6. ಕಾಗದ ಪತ್ರ

ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ, ಅದಾದ ಮೇಲೆ ಪೋಸ್ಟರ್ ಮಾಡಿಸಿ. ಕಥೆಗಾರರು, ಚಿತ್ರಕಥೆ ಬರೆದವರು, ಸಂಗೀತ ನಿರ್ದೇಶಕರು, ಎಲ್ಲರಿಂದ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ‘ಗೆಳೆಯ ತಾನೆ, ಬಾಯಿಮಾತು ಸಾಕು’ ಎಂದರೆ ಕಾನೂನಿನ ಪ್ರಕಾರ ಹಕ್ಕು ನಿಮಗೆ ಬಂದೇ ಇಲ್ಲ. ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಇನ್ನೂ ಒಂದು ಮಾತಿದೆ: ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದೇ ಅರ್ಥ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಹೊರದೇಶದ ಕನ್ನಡಿಗರಿಗೆ ಚಿತ್ರ ತೋರಿಸಬೇಕೆಂದಿದ್ದರೆ ಈ ಎರಡು ಸಾಲು ಮರೆಯಬೇಡಿ.

7. ನಿಮ್ಮ ಪಬ್ಬೇ ಲೊಕೇಶನ್ ಆದರೆ

ಇದು ನಿಮ್ಮ ದೊಡ್ಡ ಅನುಕೂಲ. ಬೇರೆ ನಿರ್ಮಾಪಕರು ದುಡ್ಡು ಕೊಟ್ಟು ಸೆಟ್ ಹಾಕುವ ಜಾಗ, ಗಿರಾಕಿಗಳಿಲ್ಲದ ಬೆಳಗಿನ ಹೊತ್ತಿನಲ್ಲಿ ನಿಮಗೆ ಸ್ನೇಹದ ಮೇಲೆ ಸಿಗಬಹುದು. ಮಾಲೀಕರ ಒಪ್ಪಿಗೆ ಲಿಖಿತವಾಗಿರಲಿ. ಗೋಡೆಯ ಮೇಲಿನ ಮದ್ಯದ ಬ್ರಾಂಡ್‌ಗಳನ್ನು ಮುಚ್ಚಿಸಿ.

ಒಂದು ವಿಷಯ ಮೊದಲ ದಿನವೇ ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಸಂಭಾಷಣೆಯ ಶಾಟ್‌ನಲ್ಲಿ ಹಾಡು ಹಾಕುವುದಿಲ್ಲ. ತಾಳ ಸಿಗಲೆಂದು ಒಂದೆರಡು ಕ್ಷಣ ಹಾಕಿ ನಿಲ್ಲಿಸುತ್ತಾರೆ, ಆಮೇಲೆ ಸುತ್ತಲಿನವರು ಸದ್ದಿಲ್ಲದೆ ಕುಣಿಯುತ್ತಿರುತ್ತಾರೆ, ನೀವು ಮಾತ್ರ ಸದ್ದು ಇದೆಯೆಂಬಂತೆ ಧ್ವನಿ ಎತ್ತಿ ಮಾತಾಡಬೇಕು. ಹಾಡು ಸೇರುವುದು ಪೋಸ್ಟ್ ಪ್ರೊಡಕ್ಷನ್‌ನಲ್ಲಿ. ಇದನ್ನು ಮನೆಯಲ್ಲಿ ಅಭ್ಯಾಸ ಮಾಡಿ, ಅನಿಸುವಷ್ಟು ಸುಲಭವಲ್ಲ.

ಹಾಡಿನ ಹಕ್ಕೂ ಇಲ್ಲೇ ಬರುತ್ತದೆ. ಪಬ್ಬಿನಲ್ಲಿ ಹಾಡು ಹಾಕಲು ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳ ಲೈಸೆನ್ಸ್ ಇದ್ದರೆ ಅದು ಅಲ್ಲಿ ನುಡಿಸುವುದಕ್ಕಷ್ಟೇ. ಅದೇ ಹಾಡನ್ನು ಚಿತ್ರದ ಹಿನ್ನೆಲೆಯಲ್ಲಿ ಬಳಸಲು ಹಕ್ಕುದಾರ ಕಂಪನಿಯ ಬೇರೆ ಅನುಮತಿ ಬೇಕು, ಬೇರೆ ಹಣ ಬೇಕು. ನಿಮ್ಮ ಡಿಜೆ ಗೆಳೆಯರಿಂದ ಹೊಸ ಟ್ರ್ಯಾಕ್ ಮಾಡಿಸಿಕೊಂಡು ಹಕ್ಕು ಬರೆಸಿಕೊಳ್ಳುವುದೇ ಅಗ್ಗ.

8. ಸೆನ್ಸಾರ್ ಬಗ್ಗೆ ಚಿತ್ರಕಥೆ ಹಂತದಲ್ಲೇ ಯೋಚಿಸಿ

ಪ್ರಮಾಣಪತ್ರಕ್ಕೆ ಸೆನ್ಸಾರ್ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿ ಇದೆ, ಅರ್ಜಿ ಆನ್‌ಲೈನ್‌ನಲ್ಲಿ. 2023ರ ತಿದ್ದುಪಡಿಯ ನಂತರ ಯುಎ ವರ್ಗದಲ್ಲಿ 7+, 13+, 16+ ಎಂದು ಮೂರು ವಿಭಾಗಗಳಿವೆ. ರಾತ್ರಿಲೋಕದ ಕಥೆಗೆ ‘ಎ’ ಸಿಕ್ಕರೆ, ಬೇಕಾದ ಬದಲಾವಣೆ ಮಾಡಿ ಮತ್ತೆ ಪ್ರಮಾಣಪತ್ರ ಪಡೆಯದೆ ಟಿವಿಯಲ್ಲಿ ತೋರಿಸುವಂತಿಲ್ಲ. ಅಂದರೆ ಒಂದು ಬೈಗುಳ, ಒಂದು ದೃಶ್ಯ ನಿಮ್ಮ ಟಿವಿ ಹಕ್ಕಿನ ಮಾರಾಟಕ್ಕೇ ಅಡ್ಡ ನಿಲ್ಲಬಹುದು. ಕಥೆಗೆ ಬೇಕೇಬೇಕೆಂದರೆ ಇಟ್ಟುಕೊಳ್ಳಿ, ಬೆಲೆ ಗೊತ್ತಿದ್ದು ಇಟ್ಟುಕೊಳ್ಳಿ. ಸಿಗರೇಟು ಸೇದುವ ದೃಶ್ಯವಿದ್ದರೆ ಚಿತ್ರದ ಆರಂಭದಲ್ಲಿ ಮತ್ತು ಮಧ್ಯದಲ್ಲಿ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ದೃಶ್ಯ ನಡೆಯುವಾಗ ಪರದೆಯ ಮೇಲೆ ಎಚ್ಚರಿಕೆ ಬರಹ ಕಡ್ಡಾಯ. ನಾಯಿ, ಕುದುರೆಯಂಥ ಪ್ರಾಣಿಗಳನ್ನು ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪತ್ರವೂ ಬೇಕು.

9. ಬಿಡುಗಡೆ: ಇಲ್ಲಿ ನೀವೇ ಗುರು

ಈಚಿನ ವರ್ಷಗಳಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ಬರುತ್ತಿವೆ. ಸರಾಸರಿ ಪ್ರತಿ ಶುಕ್ರವಾರ ನಾಲ್ಕು. ಜತೆಗೆ ತೆಲುಗು, ತಮಿಳು, ಹಿಂದಿ. ಈ ನೂಕುನುಗ್ಗಲಿನಲ್ಲಿ ಕಡಿಮೆ ಜಾಗದಲ್ಲಿ ಹೆಚ್ಚು ಜನ ಸೇರಿಸುವ ಕಲೆ ಗೊತ್ತಿರುವವರು ನೀವು. ನೂರು ಸ್ಕ್ರೀನ್‌ಗಳಲ್ಲಿ ಅರೆಬರೆ ತುಂಬಿದ ಪ್ರದರ್ಶನಕ್ಕಿಂತ ಹದಿನೈದು ಸ್ಕ್ರೀನ್‌ಗಳಲ್ಲಿ ಹೌಸ್‌ಫುಲ್ ಬೋರ್ಡ್ ಹಾಕಿಸಿ. ತುಂಬಿದ ಥಿಯೇಟರ್ ನೋಡಿದರೆ ಎರಡನೇ ವಾರಕ್ಕೆ ಮಾಲೀಕರೇ ಹೆಚ್ಚು ಪ್ರದರ್ಶನ ಕೊಡುತ್ತಾರೆ. ಬಾಗಿಲಲ್ಲಿ ಸಾಲು ಕಂಡರೆ ದಾರಿಹೋಕರೂ ನಿಲ್ಲುತ್ತಾರೆ ಎಂಬುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ.

‘ಸು ಫ್ರಮ್ ಸೋ’ ತಂಡ ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿತು, ನೋಡಿದವರ ಬಾಯಿಮಾತು ಶುಕ್ರವಾರಕ್ಕೆ ಜನ ತಂದಿತು. ಗಮನಿಸಿ, ಟಿಕೆಟ್ ಇಟ್ಟು. ಪುಕ್ಕಟೆ ಪ್ರದರ್ಶನಕ್ಕೆ ಬಂದವರು ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಮರೆತುಬಿಡುತ್ತಾರೆ, ದುಡ್ಡು ಕೊಟ್ಟವರು ಇನ್ನೊಬ್ಬರಿಗೆ ಹೇಳುತ್ತಾರೆ. ಪ್ರೀಮಿಯರ್ ದಾರಿ ಹಿಡಿಯುವ ಮುನ್ನ ಚಿತ್ರ ಚೆನ್ನಾಗಿದೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಕೆಟ್ಟ ಚಿತ್ರಕ್ಕೆ ಇದೇ ಉಪಾಯ ಶುಕ್ರವಾರಕ್ಕೆ ಮೊದಲೇ ಬಾಗಿಲು ಹಾಕಿಸುತ್ತದೆ. ಪ್ರಚಾರದ ಹಣವನ್ನು ಬಜೆಟ್ ಮಾಡುವ ದಿನವೇ ತೆಗೆದು ಬೇರೆ ಖಾತೆಯಲ್ಲಿಡಿ. ಶೂಟಿಂಗ್‌ನಲ್ಲಿ ಕೊರತೆ ಬಿದ್ದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.

ಎಚ್ಚರಿಕೆ

ಆಡಿಷನ್ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಬೇಕಾದದ್ದಿದೆ. ನೀವು ರಾತ್ರಿಲೋಕದಿಂದ ಬಂದವರು, ನಿಮ್ಮ ಮೇಲೆ ಜನರ ಕಣ್ಣು ಇದ್ದೇ ಇರುತ್ತದೆ. ಪಾತ್ರ ಕೇಳಿ ಬರುವ ಹೆಣ್ಣುಮಕ್ಕಳನ್ನು ಪಬ್ಬಿಗೋ ಪಾರ್ಟಿಗೋ ಕರೆಯಬೇಡಿ. ಆಡಿಷನ್ ಹಗಲು ಹೊತ್ತು, ಕಚೇರಿಯಲ್ಲಿ, ತಂಡದ ಒಬ್ಬ ಮಹಿಳೆಯಾದರೂ ಇರುವಾಗ ನಡೆಯಲಿ. ಜತೆಗೆ ಯಾರನ್ನಾದರೂ ಕರೆತನ್ನಿ ಎಂದು ನೀವೇ ಹೇಳಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಲೈಂಗಿಕ ಕಿರುಕುಳ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ಹೇಳುತ್ತದೆ. ಸಿನಿಮಾ ಸೆಟ್ಟಿನಲ್ಲಿ ಹತ್ತಕ್ಕಿಂತ ಕಡಿಮೆ ಜನ ಇರುವುದೇ ಅಪರೂಪ. ಸಮಿತಿಯವರ ಫೋನ್ ನಂಬರನ್ನು ಕಾಲ್‌ಶೀಟ್‌ನಲ್ಲೇ ಅಚ್ಚು ಹಾಕಿಸಿ.

ನೀವು ಪಾತ್ರ ಹುಡುಕುವ ಕಡೆಯಿದ್ದಾಗ, ಆಡಿಷನ್‌ಗೆ, ‘ಆರ್ಟಿಸ್ಟ್ ಕಾರ್ಡ್’ ಮಾಡಿಸಲು, ಪೋರ್ಟ್‌ಫೋಲಿಯೊಗೆ ಎಂದು ಹಣ ಕೇಳುವವರಿಂದ ದೂರವಿರಿ. ನಿಜವಾಗಿ ಚಿತ್ರ ಮಾಡುವವರು ನಟರಿಗೆ ಹಣ ಕೊಡುತ್ತಾರೆ.

ದಿನಗೂಲಿ ಕೆಲಸಗಾರರ ಬಾಟಾವನ್ನು ಅವತ್ತಿನದನ್ನು ಅವತ್ತೇ ಕೊಡಿ. ಲೈಟ್ ಹೊರುವವರ, ಊಟ ಬಡಿಸುವವರ ಬಾಯಲ್ಲಿ ನಿಮ್ಮ ಬ್ಯಾನರಿನ ಹೆಸರು ಒಳ್ಳೆಯದಾಗಿ ಬಂದರೆ ಎರಡನೇ ಚಿತ್ರಕ್ಕೆ ತಂಡ ತಾನಾಗಿ ಸೇರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮುಹೂರ್ತಕ್ಕೇ ದುಡ್ಡು ಖಾಲಿ ಮಾಡುವುದು. ಪಾರ್ಟಿ ಮಾಡಿ ಅಭ್ಯಾಸವಿರುವವರಿಗೆ ಇದು ದೊಡ್ಡ ಆಕರ್ಷಣೆ. ದೇವಸ್ಥಾನದಲ್ಲಿ ಪೂಜೆ, ಒಂದು ಕ್ಲಾಪ್, ಪ್ರಸಾದ, ಇಷ್ಟು ಸಾಕು. ಸಂಭ್ರಮವನ್ನು ಚಿತ್ರೀಕರಣ ಮುಗಿಸಿ ಕುಂಬಳಕಾಯಿ ಒಡೆಯುವ ದಿನಕ್ಕೆ ಉಳಿಸಿಕೊಳ್ಳಿ.

ಪ್ರೊಡಕ್ಷನ್ ಮ್ಯಾನೇಜರ್ ಜಾಗಕ್ಕೆ ಗೆಳೆಯರನ್ನು ಕೂರಿಸುವುದು ಇನ್ನೊಂದು. ನಾಲ್ಕಾರು ಚಿತ್ರ ಮಾಡಿದ, ಯಾವ ಜನರೇಟರ್ ಯಾವ ರೇಟಿಗೆ ಸಿಗುತ್ತದೆ ಎಂದು ಬಲ್ಲ ಮ್ಯಾನೇಜರ್‌ಗೆ ಕೊಡುವ ಸಂಬಳ ವಾರದೊಳಗೆ ವಾಪಸ್ ಬರುತ್ತದೆ.

ಶೂಟಿಂಗ್ ಮುಗಿದರೆ ಸಿನಿಮಾ ಮುಗಿಯಿತೆಂದುಕೊಳ್ಳುವುದೂ ಉಂಟು. ಸಂಕಲನ, ಡಬ್ಬಿಂಗ್, ಹಿನ್ನೆಲೆ ಸಂಗೀತ, ಡಿಐ (ಬಣ್ಣ ತಿದ್ದುವ ಕೆಲಸ), ಮಿಕ್ಸಿಂಗ್ ಸೇರಿ ಚಿತ್ರೀಕರಣಕ್ಕಿಂತ ಹೆಚ್ಚು ತಿಂಗಳು ತಿನ್ನಬಹುದು. ಅಷ್ಟು ದಿನ ಮನೆ ಖರ್ಚಿಗೆ ದಾರಿ ಇರಬೇಕು.

ಕೊನೆಯದಾಗಿ ಅನುಯಾಯಿಗಳ ಸಂಖ್ಯೆಯನ್ನು ಪ್ರೇಕ್ಷಕರ ಸಂಖ್ಯೆ ಎಂದು ತಿಳಿಯುವುದು. ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ: ನಿಮ್ಮ ಕಿರುಚಿತ್ರಕ್ಕೆ ಯಾವುದಾದರೂ ಸಣ್ಣ ಸಭಾಂಗಣದಲ್ಲಿ ₹100 ಟಿಕೆಟ್ ಇಡಿ, ಗೆಸ್ಟ್ ಲಿಸ್ಟ್ ಇಲ್ಲ ಎಂದು ಮೊದಲೇ ಹೇಳಿಬಿಡಿ. ಎಷ್ಟು ಜನ ಬಂದರೋ ಅದೇ ನಿಮ್ಮ ಇವತ್ತಿನ ನಿಜವಾದ ಪ್ರೇಕ್ಷಕವರ್ಗ. ಅದು ಇಪ್ಪತ್ತಾದರೆ ಬೇಸರ ಬೇಡ, ಇಪ್ಪತ್ತರ ಮೇಲೆ ಬಜೆಟ್ ಕಟ್ಟಿ.

ಮೊದಲ ಚಿತ್ರ ಬಿಡುಗಡೆಯಾಗಿ ಸಾಲ ತೀರುವವರೆಗೆ ಶನಿವಾರದ ಕೆಲಸವನ್ನು ಬಿಡಬೇಡಿ. ಮನೆ ನಡೆಸುವ ದುಡ್ಡು ಅಲ್ಲಿಂದಲೇ ಬರುತ್ತಿದೆ.